ಹೆಸರೊಂದು ಕಡೆ, ಹಾಡೊಂದು ಕಡೆ

ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ನಮ್ಮ ಕಡೆ ಕಣ್ಣಿನಿಂದ ನೋಡುವುದಿಲ್ಲ, ಕಿವಿಯಿಂದ ನೋಡುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೋಟ ಇರುವ ಮನೆ ಅಂದರೆ ಅಟ್ಟದ ಮೇಲೆ ಸಿಪ್ಪೆ ಸಮೇತ ಕಾಯಿ ತುಂಬಿರುತ್ತದೆ. ಹತ್ತು ತಿಂಗಳೋ ಹನ್ನೊಂದು ತಿಂಗಳೋ ಅಲ್ಲೇ ಬಿದ್ದಿರುತ್ತದೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ, ತಿರುಳು ಚಿಪ್ಪು ಬಿಡುತ್ತದೆ. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ಗಡಗಡ ಅಂದರೆ ಸುಲಿಯಬಹುದು.

ಹೋದ ವರ್ಷ ಅಟ್ಟದ ಕಾಯಿ ಇಳಿಸಿದ ದಿನ ನಾನು ಫೋನಿನಲ್ಲಿ ಒಂದು ಹಾಡು ಹಾಕಿಕೊಂಡಿದ್ದೆ. ಹನ್ನೊಂದು ನಿಮಿಷದ ಹಾಡು. ನಾಲ್ಕು ಗಂಡು ದನಿ, ವಾದ್ಯ ಒಂದೂ ಇಲ್ಲ. ಸುಲಿಯಲು ಬಂದಿದ್ದವರಲ್ಲಿ ಒಬ್ಬರು ವಯಸ್ಸಾದವರು, ಒಂದು ಕಾಲಕ್ಕೆ ಓಲಗದಲ್ಲಿ ಡೋಲು ಬಾರಿಸುತ್ತಿದ್ದವರು, ಈಗಲೂ ಶನಿವಾರದ ಭಜನೆಗೆ ತಪ್ಪದೆ ಹೋಗುವವರು. ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, ಕೈ ನಿಲ್ಲಿಸಿ ಕೇಳಿದರು: "ಅಲ್ಲಪ್ಪ, ಆ ಶ್ರುತಿ ಹಿಡ್ದೋನು ಉಸಿರು ಬಿಡೋದೇ ಇಲ್ವಲ್ಲ. ಮಿಕ್ಕ ಮೂವರು ಅವನ ತಲೆ ಮೇಲೆ ಕೋಲಾಟ ಆಡ್ತವ್ರೆ. ಯಾರು ಕಟ್ಟಿದ್ದು ಇದನ್ನ?"

"ಪೆರೋಟಿನ್ ಅಂತ ತಾತ, ಪ್ಯಾರಿಸ್ ಊರಿನೋರು. ಎಂಟುನೂರು ವರ್ಷದ ಮೇಲಾಯ್ತು."

"ಎಂಟ್ನೂರು ವರ್ಷ! ಹಾಡು ಕಟ್ಟಿದೋನ ಹೆಸರು ಹೆಂಗಪ್ಪ ಉಳೀತು?"

ಆ ಪ್ರಶ್ನೆಗೆ ಅಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಲಾಗಲಿಲ್ಲ. ಹೇಳಬೇಕಾದ್ದು ಇಷ್ಟು.

ತಾತ ಶ್ರುತಿ ಎಂದದ್ದು ಸರಿಯಾಗಿಯೇ ಇತ್ತು. ಯುರೋಪಿನ ಚರ್ಚುಗಳಲ್ಲಿ ಬಹುಕಾಲ ಪೂಜೆಯ ಹಾಡೆಂದರೆ ಒಂದೇ ಎಳೆ. ಎಷ್ಟೇ ಜನ ಹಾಡಲಿ, ಎಲ್ಲರೂ ಒಂದೇ ಮಟ್ಟು ಹಾಡುತ್ತಿದ್ದರು. ಆಮೇಲೆ ಯಾರೋ ಆ ಹಳೆಯ ಮಟ್ಟನ್ನು ಕೆಳಗೆ ಇಟ್ಟುಕೊಂಡು ಅದರ ಮೇಲೆ ಇನ್ನೊಂದು ದನಿ ಹೆಣೆದರು. ಹೆಣಿಗೆ ಉದ್ದವಾದಂತೆ ಕೆಳಗಿನ ದನಿ ಒಂದೊಂದು ಸ್ವರವನ್ನೂ ಎಳೆದು ನಿಲ್ಲಿಸಬೇಕಾಯಿತು. ಓಲಗದಲ್ಲಿ ಶ್ರುತಿ ಹಿಡಿದವನು ನಿಲ್ಲುವಂತೆಯೇ, ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಶ್ರುತಿ ಕೊನೆಯವರೆಗೂ ಒಂದೇ. ಅವರದು ಬಲು ನಿಧಾನವಾಗಿ ಸರಿಯುತ್ತದೆ, ಏಕೆಂದರೆ ಆ ಶ್ರುತಿಯೇ ನಿಜವಾದ ಹಾಡು, ಹಳೆಯ ಹಾಡು. ನಾನು ಹಾಕಿದ್ದು ‘ವಿದೆರುಂತ್ ಓಮ್ನೆಸ್’. ಹಾಗೆಂದರೆ ಎಲ್ಲರೂ ಕಂಡರು ಎಂದರ್ಥ. ಅದರಲ್ಲಿ ‘ವಿ’ ಎಂಬ ಮೊದಲ ಅಕ್ಷರವೊಂದೇ ಸುಮಾರು ಒಂದು ನಿಮಿಷ ನಿಂತಿರುತ್ತದೆ. ಅದರ ಮೇಲೆ ಮೂರು ದನಿಗಳು ಒಬ್ಬರ ತುಣುಕನ್ನು ಒಬ್ಬರು ಕಸಿದುಕೊಂಡು, ಅದಲುಬದಲು ಮಾಡಿಕೊಂಡು ಕುಣಿಯುತ್ತವೆ. ಇವನು ಈಗ ಹಾಡಿದ್ದನ್ನು ಅವನು, ಅವನು ಹಾಡಿದ್ದನ್ನು ಇವನು. ಇದಕ್ಕೆ ಕೋಲಾಟಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಯಾವ ಸಂಗೀತದ ಪುಸ್ತಕದಲ್ಲೂ ಸಿಕ್ಕಿಲ್ಲ.

ಇನ್ನು ಹೆಸರಿನ ವಿಚಾರ. ಪ್ಯಾರಿಸಿನ ನೋತ್ರ್‌ದಾಮ್ ಕಥೀಡ್ರಲ್ ಕಟ್ಟಲು ಶುರುವಾದದ್ದು 1163ರಲ್ಲಿ. ಗೋಡೆ ಏಳುತ್ತಿದ್ದ ಆ ವರ್ಷಗಳಲ್ಲೇ ಒಳಗೆ ಈ ಹಾಡುಗಳೂ ಎದ್ದವು. ಕಟ್ಟಿದವರು ತಮ್ಮ ಹೆಸರನ್ನು ಎಲ್ಲೂ ಬರೆಯಲಿಲ್ಲ. ಹಾಡು ದೇವರದು, ಹಾಡುವವನು ದೇವಾಲಯದ ಸೇವಕ, ಅಲ್ಲಿ ಅಂಕಿತಕ್ಕೆ ಜಾಗವಿರಲಿಲ್ಲ. ನಮ್ಮ ದಾಸರ ಪದದಲ್ಲಿ, ಶರಣರ ವಚನದಲ್ಲಿ ಕೊನೆಗೊಂದು ಅಂಕಿತ ಬರುತ್ತದೆ. ಅದು ದೇವರ ಹೆಸರೇ ಆದರೂ ಅದರಿಂದ ಕಟ್ಟಿದವರ ಗುರುತು ಸಿಗುತ್ತದೆ. ಇಲ್ಲಿ ಅದೂ ಇಲ್ಲ.

ಗುರುತು ಉಳಿದದ್ದು ಒಬ್ಬ ವಿದ್ಯಾರ್ಥಿಯಿಂದ. ಇಂಗ್ಲೆಂಡಿನವನಿರಬೇಕು, ಏಕೆಂದರೆ ಆ ದೇಶದ ಹಾಡುಗಾರರ ಹೆಸರುಗಳನ್ನು ಪ್ರೀತಿಯಿಂದ ಹೇಳುತ್ತಾನೆ. ಪ್ಯಾರಿಸಿನಲ್ಲಿ ಸಂಗೀತ ಕಲಿತು, 1270ರ ದಶಕದ ಆಸುಪಾಸಿನಲ್ಲಿ ಲ್ಯಾಟಿನ್ನಿನಲ್ಲಿ ಒಂದು ಪಾಠದ ಪುಸ್ತಕ ಬರೆದ. ಸ್ವರಗಳ ಕಾಲಪ್ರಮಾಣ ಹೇಗೆ, ದನಿಗೆ ದನಿ ಹೇಗೆ ಕೂಡಬೇಕು ಎಂಬ ಒಣ ಶಾಸ್ತ್ರವೇ ಅದರಲ್ಲಿ ಹೆಚ್ಚು. ನಡುವೆ ಒಂದು ಕಡೆ ಶಾಸ್ತ್ರ ಬಿಟ್ಟು ಗುರುಪರಂಪರೆ ಹೇಳತೊಡಗುತ್ತಾನೆ. ಲಿಯೋನಿನ್ ಎಂಬ ಮೇಷ್ಟ್ರು ಇದ್ದರಂತೆ. ವರ್ಷದ ಹಬ್ಬಗಳಿಗೆಲ್ಲ ಆಗುವಂತೆ ಹಾಡಿನ ಒಂದು ಮಹಾಗ್ರಂಥ ಮಾಡಿದರಂತೆ. ಆಮೇಲೆ ಪೆರೋಟಿನ್ ಬಂದು ಆ ಗ್ರಂಥವನ್ನು ತಿದ್ದಿ, ಚುರುಕುಗೊಳಿಸಿ, ಮೊದಲಿನದಕ್ಕಿಂತ ಚೆನ್ನಾದ ಎಷ್ಟೋ ತುಣುಕುಗಳನ್ನು ಸೇರಿಸಿದರಂತೆ. ಅಷ್ಟಕ್ಕೆ ನಿಲ್ಲಿಸದೆ ಪೆರೋಟಿನ್ ಕಟ್ಟಿದ ಹಾಡುಗಳಲ್ಲಿ ಕೆಲವನ್ನು ಹೆಸರು ಹಿಡಿದು ಹೇಳುತ್ತಾನೆ: ನಾಲ್ಕು ದನಿಯವು ‘ವಿದೆರುಂತ್’ ಮತ್ತು ‘ಸೆದೆರುಂತ್’, ಮೂರು ದನಿಯವು ಇಂಥಿಂಥವು, ಎರಡು ದನಿಯದು ಇಂಥದು, ಒಂಟಿ ದನಿಯದು ‘ಬೆಯಾತ ವಿಸ್ಕೆರ’.

ತನಗಿಂತ ಹಿಂದಿನ ತಲೆಮಾರಿನ ಮೇಷ್ಟ್ರುಗಳ ಬಗ್ಗೆ, ಪಾಠದ ನಡುವೆ ಬರೆದ ಕೆಲವೇ ಸಾಲುಗಳು ಇವು. ಇಷ್ಟನ್ನು ಬರೆದವನು ತನ್ನ ಹೆಸರನ್ನೇ ಬರೆಯಲಿಲ್ಲ. ಈ ಸಾಲುಗಳಿಲ್ಲದಿದ್ದರೆ ಪೆರೋಟಿನ್ ಇಲ್ಲ, ಲಿಯೋನಿನ್ ಇಲ್ಲ. ನನಗೆ ಈ ಇಡೀ ಕತೆಯಲ್ಲಿ ಹೆಚ್ಚು ಇಷ್ಟವಾದವನು ಇವನೇ.

ಅವನ ಪುಸ್ತಕದ ಪ್ರತಿಗಳು ಇಂಗ್ಲೆಂಡಿನಲ್ಲೇ ಉಳಿದವು. ಒಂದು ಪ್ರತಿ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಮಠದ್ದು. ಇನ್ನೊಂದು ಕಾಟನ್ ಗ್ರಂಥಭಂಡಾರದ್ದು, 1731ರಲ್ಲಿ ಆ ಭಂಡಾರಕ್ಕೆ ಬೆಂಕಿ ಬಿದ್ದಾಗ ಕೆಟ್ಟುಹೋಯಿತು. ಹೊರಜಗತ್ತಿಗೆ ಅದು ಸಿಕ್ಕಿದ್ದು 1864ರಲ್ಲಿ. ಫ್ರಾನ್ಸಿನ ಉತ್ತರ ಭಾಗದಲ್ಲಿ ಎಡ್ಮಂಡ್ ದ ಕುಸ್ಮಾಕೆ ಎಂಬ ನ್ಯಾಯಾಧೀಶರಿದ್ದರು. ಕೋರ್ಟಿನ ಕೆಲಸದ ಜೊತೆಗೆ ಮಧ್ಯಯುಗದ ಸಂಗೀತಶಾಸ್ತ್ರದ ಬರಹಗಳನ್ನು ಹುಡುಕಿ ಅಚ್ಚು ಹಾಕಿಸುವುದೇ ಅವರ ಬದುಕಾಗಿತ್ತು. ವಿಜಯಪುರದಲ್ಲಿ ವಕೀಲಿ ಮಾಡಿಕೊಂಡು ವಚನದ ತಾಡವೋಲೆ ಹುಡುಕಿದ ಫ. ಗು. ಹಳಕಟ್ಟಿಯವರನ್ನು ನೆನೆಸಿಕೊಂಡರೆ ಈ ಮನುಷ್ಯರ ಜಾತಿ ಯಾವುದೆಂದು ತಿಳಿಯುತ್ತದೆ. ಕುಸ್ಮಾಕೆ ಅಚ್ಚು ಹಾಕಿಸಿದ ಸಂಪುಟದಲ್ಲಿ ಕರ್ತೃವಿನ ಹೆಸರಿಲ್ಲದ ಬರಹಗಳು ಹಲವು ಇದ್ದವು. ಅವಕ್ಕೆ ಒಂದನೇ ಅನಾಮಿಕ, ಎರಡನೇ ಅನಾಮಿಕ ಎಂದು ಸಂಖ್ಯೆ ಕೊಟ್ಟರು. ನಮ್ಮ ವಿದ್ಯಾರ್ಥಿ ನಾಲ್ಕನೆಯವನಾದ. ಇಂದಿಗೂ ಅವನ ಹೆಸರು ‘ನಾಲ್ಕನೇ ಅನಾಮಿಕ’ ಎಂದೇ.

ಹೀಗೆ ಹೆಸರುಗಳು ಸಿಕ್ಕವು. ಆದರೆ ಹಾಡು?

ಹಾಡು ಬೇರೆ ಕಡೆ ಮಲಗಿತ್ತು. ಇಟಲಿಯ ಫ್ಲಾರೆನ್ಸಿನ ಲಾರೆನ್ಷಿಯನ್ ಗ್ರಂಥಾಲಯದಲ್ಲಿ ಒಂದು ಹಸ್ತಪ್ರತಿ ಇದೆ. ಅಳತೆಯಲ್ಲಿ ಚಿಕ್ಕದು, ಆದರೆ ನಾನೂರು ಹಾಳೆ ಮೀರಿದ ದಪ್ಪ ಪುಸ್ತಕ. ಚರ್ಮದ ಹಾಳೆಗಳ ಮೇಲೆ ಪ್ಯಾರಿಸಿನಲ್ಲಿ 1240ರ ದಶಕದಲ್ಲಿ ಬರೆದದ್ದು, ಹದಿನೈದನೇ ಶತಮಾನದ ಹೊತ್ತಿಗೆ ಮೆದಿಚಿ ಮನೆತನದ ಪಿಯೆರೋ ಎಂಬುವರ ಕೈಸೇರಿತ್ತು. ಒಳಗೆ ಸಾವಿರದಷ್ಟು ಹಾಡುಗಳು, ಒಂದಕ್ಕೂ ಕಟ್ಟಿದವರ ಹೆಸರಿಲ್ಲ. 1885ರಲ್ಲಿ ಲಿಯೋಪೋಲ್ ದೆಲಿಲ್ ಎಂಬ ಫ್ರೆಂಚ್ ಗ್ರಂಥಪಾಲಕರು ಇದರ ಬಗ್ಗೆ ವಿದ್ವಾಂಸರ ಸಭೆಯಲ್ಲಿ ಮಾತಾಡಿದರು. ಜರ್ಮನಿಯ ವುಲ್ಫೆನ್‌ಬ್ಯೂಟೆಲಿನಲ್ಲಿ ಇಂಥವೇ ಎರಡು ಪುಸ್ತಕಗಳಿದ್ದವು. ಅದರಲ್ಲಿ ಒಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಿಂದ ಬಂದದ್ದು. ಪ್ಯಾರಿಸಿನ ಹಾಡು ಅಷ್ಟು ದೂರ ಹೋಗಿತ್ತು. ಪ್ಯಾರಿಸಿನ ಕಥೀಡ್ರಲಿನಲ್ಲೇ ಇದ್ದಿರಬೇಕಾದ ಮೂಲ ಗ್ರಂಥ ಮಾತ್ರ ಎಲ್ಲೂ ಇಲ್ಲ.

ಒಂದು ಕಡೆ ಹೆಸರಿತ್ತು, ಹಾಡಿರಲಿಲ್ಲ. ಇನ್ನೊಂದು ಕಡೆ ಹಾಡಿತ್ತು, ಹೆಸರಿರಲಿಲ್ಲ. ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ ಫ್ಲಾರೆನ್ಸಿನ ಪುಸ್ತಕದ ಮೊಟ್ಟಮೊದಲ ಪುಟದಲ್ಲಿ, ಪುಸ್ತಕದ ಆರಂಭದಲ್ಲಿರುವ ಚಿತ್ರದ ಎದುರಿಗೇ, ನಾಲ್ಕು ದನಿಯ ‘ವಿದೆರುಂತ್’ ಕೂತಿತ್ತು. ಅದರ ಹಿಂದೆಯೇ ‘ಸೆದೆರುಂತ್’. ವಿದ್ಯಾರ್ಥಿ ಬರೆದಿಟ್ಟ ಪಟ್ಟಿ ಒಂದೊಂದಾಗಿ ತಾಳೆಯಾಗುತ್ತಾ ಹೋಯಿತು.

ಆದರೂ ಹಾಡು ಕೇಳಿಸಲಿಲ್ಲ. ಕಾಯಿ ಸಿಕ್ಕಿತು, ಸುಲಿಯುವುದು ತಿಳಿಯಲಿಲ್ಲ. ಸ್ವರ ಮೇಲಿದೆಯೋ ಕೆಳಗಿದೆಯೋ ಎಂಬುದು ಗೆರೆಗಳ ಮೇಲೆ ಸ್ಪಷ್ಟವಾಗಿತ್ತು. ಎಷ್ಟು ಹೊತ್ತು ಹಿಡಿಯಬೇಕು ಎಂಬುದಕ್ಕೆ ಮಾತ್ರ ಯಾವ ಗುರುತೂ ಕಾಣಲಿಲ್ಲ. ಉದ್ದ ಸ್ವರ, ಗಿಡ್ಡ ಸ್ವರ ಎರಡಕ್ಕೂ ಒಂದೇ ಚೌಕದ ಚುಕ್ಕೆ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಅನುಕೂಲವಿದೆ, ಯುರೋಪಿನ ಓದುಗರಿಗಿಲ್ಲದ್ದು. ಶಾಲೆಯಲ್ಲಿ ಲಘು ಗುರು ಹಾಕಿ ಪ್ರಸ್ತಾರ ಮಾಡಿದವರಿಗೆ ಇದು ಬೇಗ ಹೊಳೆಯುತ್ತದೆ. ಲಘು ಒಂದು ಮಾತ್ರೆ, ಗುರು ಎರಡು. ‘ರಾಮ ರಾಮ ರಾಮ’ ಎಂದು ಹೇಳಿಕೊಂಡು ಹೋಗಿ, ಗುರು-ಲಘು, ಗುರು-ಲಘು ಎಂದು ಮೂರು ಮಾತ್ರೆಯ ನಡಿಗೆ ಬರುತ್ತದೆ. ‘ರಮಾ ರಮಾ ರಮಾ’ ಎನ್ನಿ, ಅದೇ ಮೂರು ಮಾತ್ರೆ, ಆದರೆ ಲಘು-ಗುರು. ಪ್ಯಾರಿಸಿನವರು ಮಾಡಿಕೊಂಡಿದ್ದು ಇದನ್ನೇ. ಇಂಥ ಆರು ನಡಿಗೆಗಳನ್ನು ಗೊತ್ತು ಮಾಡಿಕೊಂಡಿದ್ದರು. ‘ರಾಮ ರಾಮ’ದ್ದು ಮೊದಲನೆಯದು, ‘ರಮಾ ರಮಾ’ದ್ದು ಎರಡನೆಯದು. ಯಾವ ನಡಿಗೆ ಎಂಬುದನ್ನು ಚುಕ್ಕೆಯ ಆಕಾರದಲ್ಲಿ ಹೇಳುತ್ತಿರಲಿಲ್ಲ, ಚುಕ್ಕೆಗಳನ್ನು ಗೊನೆ ಕಟ್ಟುವ ರೀತಿಯಲ್ಲಿ ಹೇಳುತ್ತಿದ್ದರು. ಮೊದಲ ಗೊನೆಯಲ್ಲಿ ಮೂರು ಸ್ವರ, ಆಮೇಲೆ ಎರಡು, ಎರಡು, ಎರಡು ಎಂದಿದ್ದರೆ ‘ರಾಮ ರಾಮ’. ಎರಡು, ಎರಡು ಎಂದು ಶುರುವಾಗಿ ಕೊನೆಯ ಗೊನೆಯಲ್ಲಿ ಮೂರಿದ್ದರೆ ‘ರಮಾ ರಮಾ’. ಒಂಟಿ ಸ್ವರ ನೋಡಿದವನಿಗೆ ಏನೂ ತಿಳಿಯದು. ಸಾಲು ಪೂರ್ತಿ ನೋಡಿದವನಿಗೆ ತಾಳ ಕೇಳುತ್ತದೆ.

ನಾಗವರ್ಮ ‘ಛಂದೋಂಬುಧಿ’ ಬರೆದದ್ದು ಹತ್ತನೇ ಶತಮಾನದ ಕೊನೆಯಲ್ಲಿ. ಅಂದರೆ ಪ್ಯಾರಿಸಿನಲ್ಲಿ ಈ ಲೆಕ್ಕ ಹುಟ್ಟುವ ಇನ್ನೂರು ವರ್ಷ ಮೊದಲೇ ನಮ್ಮಲ್ಲಿ ಮಾತ್ರೆಯ ಲೆಕ್ಕ ಗ್ರಂಥವಾಗಿತ್ತು. ಯಾರು ಮೊದಲು ಎಂಬ ಪಂದ್ಯ ಕಟ್ಟಲು ಇದನ್ನು ಹೇಳುತ್ತಿಲ್ಲ. ಹಾಡುವ ನಾಲಿಗೆಗಳು ಬೇರೆಬೇರೆ ದೇಶದಲ್ಲಿ ಒಂದೇ ನಡಿಗೆ ನಡೆದದ್ದು ತಿಳಿದಾಗ ಆ ಹಾಡಿನ ಬಗ್ಗೆ ನನಗಿದ್ದ ಸಂಕೋಚ ಹೋಯಿತು, ಅದಕ್ಕೆ ಹೇಳಿದೆ.

ಈ ಗೊನೆಯ ಲೆಕ್ಕವನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮತ್ತೆ ಹಿಡಿದುಕೊಟ್ಟದ್ದರ ಹಿಂದೆ ಸಂಗೀತಗಾರರಲ್ಲದ ಒಬ್ಬರ ಕೈಯಿದೆ. ವಿಲ್ಹೆಲ್ಮ್ ಮೇಯರ್ ಲ್ಯಾಟಿನ್ ಛಂದಸ್ಸಿನ ಪಂಡಿತರು. ಈ ಹಸ್ತಪ್ರತಿಗಳಲ್ಲಿ ಮಾತಿಲ್ಲದೆ ಬರೀ ಸ್ವರದಲ್ಲಿದ್ದ ತುಣುಕುಗಳಿಗೇ ಆಮೇಲಿನವರು ಮಾತು ಕೂರಿಸಿ ಹೊಸ ಪದ್ಯ ಕಟ್ಟಿದ್ದಾರೆ ಎಂದು ಅವರು 1898ರಲ್ಲಿ ತೋರಿಸಿದರು. ಮಟ್ಟು ಮೊದಲು, ಮಾತು ಆಮೇಲೆ. ಆ ಪದ್ಯಗಳಲ್ಲಿ ಎಷ್ಟೋ ಮುಂದಿನ ಪೀಳಿಗೆಯ ಪುಸ್ತಕಗಳಲ್ಲೂ ಇದ್ದವು. ಅಷ್ಟು ಹೊತ್ತಿಗೆ ಉದ್ದಕ್ಕೊಂದು ಆಕಾರ, ಗಿಡ್ಡಕ್ಕೊಂದು ಆಕಾರ ಬರೆಯುವ ಪದ್ಧತಿ ಬಂದಿತ್ತು. ಅದೇ ಮಟ್ಟನ್ನು ಎರಡು ಲಿಪಿಯಲ್ಲಿ ಪಕ್ಕಪಕ್ಕ ಇಟ್ಟರೆ ಹಳೆಯದರ ಬೀಗ ತೆರೆಯುತ್ತದೆ.

ಬೀಗ ತೆರೆದು ಒಳಗೆ ಹೋಗಿ ಇಡೀ ಮನೆ ಗುಡಿಸಿದವರು ಫ್ರೀಡ್ರಿಚ್ ಲುಡ್ವಿಗ್. ಸ್ಟ್ರಾಸ್‌ಬುರ್ಗಿನಲ್ಲಿ ಪಾಠ ಹೇಳುತ್ತಿದ್ದರು. ಯುರೋಪಿನ ಗ್ರಂಥಾಲಯಗಳನ್ನು ಸುತ್ತಿ, ಸಾವಿರಾರು ತುಣುಕುಗಳನ್ನು ಕೈಯಲ್ಲಿ ನಕಲು ಮಾಡಿಕೊಂಡು, ಯಾವ ಹಾಡು ಯಾವ ಹಸ್ತಪ್ರತಿಯ ಎಷ್ಟನೇ ಹಾಳೆಯಲ್ಲಿದೆ, ಯಾವುದರಿಂದ ಯಾವುದು ಹುಟ್ಟಿತು ಎಂದು ಪಟ್ಟಿ ಮಾಡಿ 1910ರಲ್ಲಿ ಅಚ್ಚು ಹಾಕಿಸಿದರು. ಓದಲು ಮರುಭೂಮಿಯಂಥ ಪುಸ್ತಕ, ಬರೀ ಸಂಖ್ಯೆ, ಸಂಕೇತ. ಆದರೆ ಇವತ್ತು ಪೆರೋಟಿನ್ ಹಾಡುವ ಯಾರೂ ಅದರ ಋಣದಿಂದ ಹೊರಗಿಲ್ಲ. ಮೊದಲ ಮಹಾಯುದ್ಧ ಮುಗಿದು ಸ್ಟ್ರಾಸ್‌ಬುರ್ಗ್ ಫ್ರಾನ್ಸಿಗೆ ಹೋದಾಗ ಅವರು ಊರು ಬಿಡಬೇಕಾಯಿತು. ಗ್ಯೋಟಿಂಗೆನ್ನಿನಲ್ಲಿ ಕೆಲಸ ಮುಂದುವರಿಸಿ 1930ರಲ್ಲಿ ತೀರಿಕೊಂಡರು. ಅದೇ 1930ರಲ್ಲಿ ವಿಯೆನ್ನಾದಿಂದ ರುಡಾಲ್ಫ್ ಫಾನ್ ಫಿಕರ್ ಅವರ ‘ಸೆದೆರುಂತ್’ ಹಾಡಲು ಬರುವಂಥ ಮುದ್ರಣವಾಗಿ ಹೊರಬಂತು. ನನ್ನ ಫೋನಿನಲ್ಲಿದ್ದದ್ದು ಬ್ರಿಟನ್ನಿನ ಹಿಲಿಯರ್ಡ್ ತಂಡದವರು ಹಾಡಿದ ‘ವಿದೆರುಂತ್’, 1989ರಲ್ಲಿ ಬಂದ ಆಲ್ಬಂನದು.

ಈ ಹಾಡುಗಳನ್ನು ಪ್ಯಾರಿಸಿನಲ್ಲಿ ಅಂದು ಯಾವಾಗ ಹಾಡಿದ್ದಿರಬೇಕು ಎಂಬುದಕ್ಕೂ ಒಂದು ಕಾಗದ ಸಿಕ್ಕಿದೆ. ಅದು ಆಡಳಿತದ ಕಾಗದ, ಹೊಸ ವರ್ಷದ ಹಬ್ಬದಲ್ಲಿ ಪಾದ್ರಿಗಳು ಕುಣಿದು ಕುಪ್ಪಳಿಸಿ ಗಲಾಟೆ ಮಾಡುವುದನ್ನು ನಿಲ್ಲಿಸಲು ಪ್ಯಾರಿಸಿನ ಬಿಷಪ್ ಓಡೋ 1198ರಲ್ಲಿ ಹೊರಡಿಸಿದ ಆಜ್ಞೆ. ಗಲಾಟೆ ಬೇಡ, ಬದಲಿಗೆ ಹಾಡನ್ನು ಮೂರು ದನಿಯಲ್ಲಿ, ನಾಲ್ಕು ದನಿಯಲ್ಲಿ ಹಾಡಬಹುದು ಎಂದು ಅದರಲ್ಲಿದೆ. ಮರುವರ್ಷ ಸಂತ ಸ್ಟೀಫನರ ಹಬ್ಬಕ್ಕೂ ಅಂಥದೇ ಅಪ್ಪಣೆ. ‘ವಿದೆರುಂತ್’ ಕ್ರಿಸ್ಮಸ್ ಮತ್ತು ಹೊಸ ವರ್ಷದ ಹಾಡು, ‘ಸೆದೆರುಂತ್’ ಸಂತ ಸ್ಟೀಫನರ ದಿನದ ಹಾಡು. ಈ ಎರಡು ಅಪ್ಪಣೆಗಳಿಗೆ ಪೆರೋಟಿನ್ ಕೊಟ್ಟ ಉತ್ತರವೇ ಈ ಎರಡು ಹಾಡುಗಳು ಎಂದು ವಿದ್ವಾಂಸರು ನಂಬುತ್ತಾರೆ. ನಾನೂ ನಂಬುತ್ತೇನೆ.

ಮನುಷ್ಯ ಯಾರು ಎಂಬುದು ಮಾತ್ರ ಅರ್ಧ ತಿಳಿದಿದೆ. ಲಿಯೋನಿನ್ ಯಾರೆಂದು 1986ರಲ್ಲಿ ಕ್ರೇಗ್ ರೈಟ್ ಎಂಬ ಅಮೆರಿಕದ ಇತಿಹಾಸಕಾರರು ಪ್ಯಾರಿಸಿನ ದಾಖಲೆಗಳನ್ನು ಜಾಲಾಡಿ ಹೇಳಿದರು: ಬೈಬಲ್ಲಿನ ಮೊದಲ ಭಾಗಗಳನ್ನು ಹದಿನಾಲ್ಕು ಸಾವಿರ ಸಾಲಿನ ಲ್ಯಾಟಿನ್ ಪದ್ಯವಾಗಿಸಿದ, ಕಥೀಡ್ರಲಿನಲ್ಲೇ ಇದ್ದ ಲಿಯೋನಿಯುಸ್ ಎಂಬ ಕವಿಯೇ ಈತ. ಕವಿಯನ್ನು ಬಲ್ಲವರಿಗೆ ಸಂಗೀತಗಾರ ಗೊತ್ತಿರಲಿಲ್ಲ, ಸಂಗೀತಗಾರನನ್ನು ಬಲ್ಲವರಿಗೆ ಕವಿ ಗೊತ್ತಿರಲಿಲ್ಲ. ಪೆರೋಟಿನ್ ಅಂದರೆ ಪಿಯರ್ ಎಂಬ ಹೆಸರಿನ ಮುದ್ದಿನ ರೂಪ, ನಮ್ಮ ಪುಟ್ಟಪ್ಪ, ಚಿಕ್ಕಣ್ಣ ಇದ್ದ ಹಾಗೆ. ಆ ಕಾಲದ ಕಥೀಡ್ರಲಿನಲ್ಲಿ ಹಾಡಿನ ಹೊಣೆ ಹೊತ್ತ ಇಬ್ಬರು ಪಿಯರ್‌ಗಳು ದಾಖಲೆಯಲ್ಲಿ ಸಿಗುತ್ತಾರೆ. ಒಬ್ಬರು 1197ರಲ್ಲೇ ತೀರಿಕೊಂಡರು, ಬಿಷಪ್ಪರ ಆಜ್ಞೆಗೆ ಒಂದು ವರ್ಷ ಮೊದಲು. ಇನ್ನೊಬ್ಬರು 1207ರಿಂದ 1238ರವರೆಗೆ ಕಾಣುತ್ತಾರೆ. ಎರಡನೆಯವರ ಕಡೆ ಹೆಚ್ಚು ಬೊಟ್ಟು ಹೋಗುತ್ತದೆ, ಆದರೆ ಇವರೇ ಎಂದು ಕೈಯಿಟ್ಟು ತೋರಿಸುವ ಕಾಗದ ಇನ್ನೂ ಬಂದಿಲ್ಲ.

ಪೆರೋಟಿನ್ ಹಾಡು ಕಟ್ಟುತ್ತಿದ್ದಾಗ ನಮ್ಮ ಸೀಮೆ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯಲ್ಲಿತ್ತು. ಬಿಷಪ್ಪರ ಆಜ್ಞೆಗೆ ಎರಡು ವರ್ಷ ಮೊದಲು, 1196ರಲ್ಲಿ, ತರೀಕೆರೆಯ ಕಡೆಯ ಅಮೃತಾಪುರದಲ್ಲಿ ದೇವಸ್ಥಾನ ಎದ್ದಿತು. ಮಲ್ಲಿತಮ್ಮ ಎಂಬ ಶಿಲ್ಪಿಯ ಕೆಲಸ ಮೊದಲು ಕಾಣುವುದು ಅಲ್ಲಿ. ತಿಪಟೂರಿನಿಂದ ಚನ್ನರಾಯಪಟ್ಟಣದ ಕಡೆ ಹೋಗುವಾಗ ಸಿಗುವ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನದಲ್ಲೂ ಅವನಿದ್ದಾನೆ. ಒಂದು ಪಕ್ಕದ ಗೋಡೆ ಅವನದು, ಇನ್ನೊಂದು ಪಕ್ಕ ಬೈಚೋಜನದು. ನಮ್ಮ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವನಲ್ಲಿ ಹೊನ್ನೋಜ. ವಿಗ್ರಹದ ಪೀಠದಲ್ಲಿ ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡವರು ಇವರು. ಸೋಮನಾಥಪುರದಲ್ಲಿ ‘ಮಲ್ಲಿ’ ಎಂದು, ಕೆಲವು ಕಡೆ ಬರೀ ‘ಮ’ ಎಂದು. ಲುಡ್ವಿಗ್ ಹಾಳೆ ಎಣಿಸುತ್ತಿದ್ದ ಹೊತ್ತಿಗೇ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಈ ಪೀಠಗಳ ಮುಂದೆ ಬಗ್ಗಿ ಒಂದೊಂದು ಹೆಸರನ್ನೂ ಓದಿ ಬರೆದುಕೊಳ್ಳುತ್ತಿದ್ದರು.

ಅದೇ ಅರಳಗುಪ್ಪೆಯಲ್ಲಿ ಇನ್ನೂ ಹಳೆಯದೊಂದು ಗುಡಿಯಿದೆ, ಒಂಬತ್ತನೇ ಶತಮಾನದ ಕಲ್ಲೇಶ್ವರ. ಅದರ ಒಳಮಾಳಿಗೆಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ದಿಕ್ಪಾಲಕರು, ಜೊತೆಯಲ್ಲಿ ವಾದ್ಯದವರು. ಕಲ್ಲಿನಲ್ಲಿ ಕೆತ್ತಿದ ಮೇಳ ಹನ್ನೊಂದು ನೂರು ವರ್ಷದಿಂದ ಬಾರಿಸುತ್ತಲೇ ಇದೆ. ಗುಡಿಯಲ್ಲಿ ಅಂದು ನಿಜವಾಗಿ ಹಾಡಿದವರ ಒಂದು ಮಟ್ಟೂ ನಮ್ಮ ಕೈಗೆ ಬಂದಿಲ್ಲ. ಕಲ್ಲು ಕೆತ್ತಿದವನಿಗೆ ಹೆಸರು ಬರೆಯಲು ಕಲ್ಲಿತ್ತು. ಹಾಡಿದವನಿಗೆ ಕೇಳಿದವನೊಬ್ಬನೇ ಇದ್ದ.

ಇದನ್ನೆಲ್ಲ ತಾತನಿಗೆ ಹೇಳಿ ಮುಗಿಸಲು ಮೂರು ದಿನದ ಸುಲಿಗೆ ಬೇಕಾಯಿತು. ಮೂರನೇ ದಿನ ಸಂಜೆ ಚಹಾ ಕುಡಿಯುತ್ತಾ ನಾನು ಕೇಳಿದೆ: "ಶನಿವಾರ ನೀವು ಮಂಗಳಾರತಿಗೆ ಮುಂಚೆ ಹಾಡ್ತೀರಲ್ಲ, ಆ ನಿಧಾನದ ಮಟ್ಟು, ಅದನ್ನ ಎಲ್ಲೂ ಕೇಳಿಲ್ಲ ನಾನು. ಯಾರು ಕಲಿಸಿದ್ದು ತಾತ?"

"ಅದಾ? ನಾನು ಹುಡುಗ ಆಗಿದ್ದಾಗ ಒಬ್ರು ಬರೋರು. ಚಿಕ್ಕನಾಯಕನಹಳ್ಳಿ ಕಡೆಯೋರು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಲ್ಲೇ ಜಗಲಿ ಮೇಲೆ ಇರೋರು. ಅವರೇ ಕಟ್ಟಿದ್ದಂತೆ ಅದು."

"ಹೆಸರು?"

ತಾತ ಲೋಟ ಕೆಳಗಿಟ್ಟರು. ಸುಮಾರು ಹೊತ್ತು ಅಟ್ಟದ ಕಡೆ ನೋಡಿದರು.

"ಮೇಷ್ಟ್ರು ಅಂತಿದ್ವಿ ಕಣಪ್ಪ ಎಲ್ರೂವೆ. ಹೆಸರು ಯಾರೂ ಕೇಳ್ಲಿಲ್ಲ."

ನಾನು ಕೊಬ್ಬರಿ ಲೆಕ್ಕದ ಪುಸ್ತಕದ ಕೊನೆಯ ಹಾಳೆ ತಿರುಗಿಸಿ ಪೆನ್ನು ತೆಗೆದೆ. "ಮಟ್ಟು ಹೇಳಿ ತಾತ" ಅಂದೆ. ಅವರು ಸಿಪ್ಪೆಯ ರಾಶಿಗೆ ಒರಗಿ, ತೊಡೆಯ ಮೇಲೆ ತಾಳ ಹಾಕಿಕೊಂಡು ಶುರು ಮಾಡಿದರು. ಗುರು-ಲಘು, ಗುರು-ಲಘು.